ಕೋಳಂಬಿ ಹೂವು

ಮೊದಲ ಸಲ ಅವಳು ಆ ಹೆಸರು ಹೇಳಿದಾಗ
ನನ್ನ ಕೈ ತಾನಾಗಿ ಬುಟ್ಟಿಯ ಬಲಬದಿಗೆ ಹೋಯಿತು.
ಶೆಟ್ಲಿ ಇದ್ದದ್ದು ಅಲ್ಲಿ;
ಮರಾಠಿ ಗಿರಾಕಿಗಳು ಅದಕ್ಕೇ ಕೋಳಂಬಿ ಅನ್ನುವುದು.
"ಪಾವು ಕಿಲೋ ಸಾಕಾ?" ಕೇಳಿದೆ.
ಬಿಮ್ಲಾ ಕ್ವಾರ್ಟರ್ಸಿನ ಮೆಟ್ಟಿಲ ಮೇಲೆ ಕೂತುಬಿಟ್ಟಳು,
ಹೊಟ್ಟೆ ಹಿಡಿದು ನಕ್ಕಳು.
ಮೀನಲ್ಲ, ಹೂವು. ಕೊಲಂಬೈನ್.
ಕುಲ್ಲೂವಿನ ಆಚೆ ಅವಳ ತವರಿನಲ್ಲಿ
ಸೌದೆ ಒಟ್ಟಿದ ಗೋಡೆಯ ಬುಡಕ್ಕೆ
ಯಾರೂ ನೆಡದೆ ಏಳುತ್ತದಂತೆ,
ನೆಲ ನೋಡುತ್ತ ಅರಳುತ್ತದಂತೆ,
ಹೊಸ ಸೊಸೆಯ ಹಾಗೆ.

ಗಂಡನಿಗೆ ವಿಶಾಖಪಟ್ಟಣಕ್ಕೆ ವರ್ಗವಾದಾಗ
ಹೋಮಿಯೋಪತಿ ಶೀಶೆಯಲ್ಲಿ ಬೀಜ ಕೊಟ್ಟುಹೋದಳು.
ಸಾಸಿವೆಗಿಂತ ಸಣ್ಣ, ಸಾಸಿವೆಗಿಂತ ಕಪ್ಪು,
ಅಂಗೈಯಲ್ಲಿ ಹಾಕಿದರೆ
ನಲವತ್ತು ಮೀನಮರಿಯ ಕಣ್ಣು.
"ಮಾಣಿಕಬಾಯಿ, ಇವಕ್ಕೆ ಮೊದಲು ಒಂದು ಚಳಿಗಾಲ ಬೇಕು."

ಚಳಿಗಾಲ!
ಕಾರವಾರದಲ್ಲಿ ಚಳಿ ಎಂದರೆ
ಡಿಸೆಂಬರಿನಲ್ಲಿ ಬೆಳಗಿನ ಬಸ್ಸಿನ ಕಂಬಿ
ಸ್ವಲ್ಪ ತಣ್ಣಗಿರುವುದು, ಅಷ್ಟೇ.

ಆದರೆ ಬೈತಖೋಲದ ಬಂದರಿನಲ್ಲಿ
ನಾನು ಮೂವತ್ತು ವರ್ಷದಿಂದ
ಚಳಿಗಾಲವನ್ನು ಗಟ್ಟಿ ಲೆಕ್ಕದಲ್ಲಿ ಕೊಳ್ಳುವವಳು.
ಐಸ್ ಫ್ಯಾಕ್ಟರಿಯ ಇನಾಸನಿಗೆ ಹೇಳಿದೆ.
ಒದ್ದೆ ಮರಳಲ್ಲಿ ಕಲಸಿದ ಬೀಜದ ಪೊಟ್ಟಣವನ್ನು
ಮೂಸಿ ನೋಡಿದ, ಏನೂ ಕೇಳಲಿಲ್ಲ.
ದೋಣಿಗಳ ಹೆಸರು, ಐಸಿನ ಲೆಕ್ಕ ಬರೆಯುವ
ಕರಿಹಲಗೆಯ ಕೊನೆಗೆ ಸೀಮೆಸುಣ್ಣದಲ್ಲಿ ಬರೆದ:
ಮಾಣಿಕಬಾಯಿ, ಚಳಿಗಾಲ, ಒಂದು.
ಆರು ವಾರಕ್ಕೆ ಬಾಡಿಗೆ ಆರು ಬಂಗಡೆ.

ಆಮೇಲೆ ಹಳೆಯ ಥರ್ಮಕೋಲ್ ಪೆಟ್ಟಿಗೆ,
ತಳಕ್ಕೆ ತೂತು, ಮೇಲೆ ಗೊಬ್ಬರ ಮಣ್ಣು.
ಬೀಜ ಹೂಳಬಾರದು, ಬೆಳಕು ಕಾಣುವ ಹಾಗೆ
ಬರೇ ಚೆಲ್ಲಬೇಕು ಅಂದಿದ್ದಳು.
ಬಿತ್ತಿ ಮುಚ್ಚದೆ ಬಿಡುವುದು
ಬಾಗಿಲು ಹಾಕದೆ ಮಲಗಿದ ಹಾಗೆ;
ನಾಲ್ಕು ರಾತ್ರಿ ಎದ್ದು ನೋಡಿದೆ.
ಇಪ್ಪತ್ಮೂರನೆಯ ದಿನ ಹಸಿರು ಚುಕ್ಕೆ, ಏಳು.
ಎರಡು ಕೆಂಪಿರುವೆಗೆ. ಒಂದು ನನ್ನದೇ ಕೋಳಿಗೆ.
ಆಷಾಢದ ಮಳೆಯಲ್ಲಿ ಮೂರು ಬುಡದಿಂದ ಕೊಳೆತವು.
ಉಳಿದ ಒಂದನ್ನು ಸೂರಿನಡಿ, ಬಚ್ಚಲ ಗೋಡೆಯ ನೆರಳಿಗೆ
ಎಳೆದಿಟ್ಟೆ.

ಆ ವರ್ಷ ಬರೇ ಎಲೆ.
ನೀರು ಬಿದ್ದರೆ ಒದ್ದೆಯಾಗದ ಎಲೆ,
ಕೆಸುವಿನ ಎಲೆಯ ದೂರದ ನೆಂಟ;
ಹನಿ ನಿಂತು ನಿಂತು, ಪಾದರಸದಂತೆ ಜಾರುವುದು.
ಇದನ್ನು ಸಾರಿಗೆ ಹಾಕಬಹುದೇ ಎಂದು
ಸೊಸೆ ಸುಹಾಸಿನಿ ಕೇಳಿದಳು.
ತಮಾಷೆಗೋ ಅಲ್ಲವೋ ಗೊತ್ತಾಗಲಿಲ್ಲ.

ಮುಂದಿನ ಡಿಸೆಂಬರಿಡೀ
ರಾತ್ರಿ ಮಲಗುವ ಮುಂಚೆ ಬುಡದ ಸುತ್ತ ಒಂದು ಹಿಡಿ ಐಸು.
ಮೀನಿನ ಮೇಲಿನದಲ್ಲ, ಅದರಲ್ಲಿ ಉಪ್ಪಿರುತ್ತದೆ.
ಬೇರೆ ತಂದದ್ದು, ಬಟ್ಟೆಯಲ್ಲಿ ಸುತ್ತಿ.
"ಇಸ್ವಣಕ್ಕೇ ಸಾಕಾಗುವುದಿಲ್ಲ, ಈಗ ಗಿಡಕ್ಕೂ!"
ಭಾವ ಬಾಗಿಲಲ್ಲಿ ನಿಂತು ಎಲೆಯಡಿಕೆ ಉಗಿದ.
ಸೆಕೆಯ ಊರಿನಲ್ಲಿ ನಾನು ಬಗ್ಗಿ
ಒಂದು ಗಿಡಕ್ಕೆ ಸುಳ್ಳು ಹೇಳುತ್ತಿದ್ದೆ,
ಬೆರಳು ಮರಗಟ್ಟುವವರೆಗೆ.

ಫೆಬ್ರವರಿಯ ಒಂದು ಬೆಳಿಗ್ಗೆ
ಬಚ್ಚಲಿಗೆ ನೀರು ಹೊರುವಾಗ ಕಂಡದ್ದು:
ಶಾಯಿ ಬಣ್ಣ. ಒಂದೇ ಒಂದು. ತಲೆ ಕೆಳಗೆ.
ಗದ್ದ ಹಿಡಿದು ಎತ್ತಬೇಕೆನಿಸಿತು, ಎತ್ತಲಿಲ್ಲ.
ನಾನೇ ನೆಲಕ್ಕೆ ಕೂತು, ಕೆಳಗಿನಿಂದ ನೋಡಿದೆ.
ಹೂವಿನ ಹಿಂದೆ ಐದು ಕೊಕ್ಕೆ, ಒಳಗೆ ಬಾಗಿದವು.
ದೇವರಾಣೆ,
ಐದು ಶೆಟ್ಲಿಯ ಬಾಲ ಸೇರಿಸಿ ಕಟ್ಟಿದ ಹಾಗೆ.
ಎರಡು ವರ್ಷದ ಹಿಂದೆ ಬುಟ್ಟಿಯತ್ತ ಹೋದ ನನ್ನ ಕೈ
ಅಷ್ಟೇನೂ ತಪ್ಪಿರಲಿಲ್ಲ.

ಫೋಟೋ ಕಳಿಸಿದೆ. ಮಧ್ಯಾಹ್ನದವರೆಗೂ ಉತ್ತರವಿಲ್ಲ.
ಆಮೇಲೆ ವಿಶಾಖಪಟ್ಟಣದಿಂದ ಒಂದು ಫೋಟೋ ಬಂತು, ಮಾತಿಲ್ಲ:
ಅಲ್ಲಿಯ ಮಾರ್ಕೆಟ್ಟಿನ ಕಲ್ಲಿನ ಮೇಲೆ
ಕೋಳಂಬಿಯ ದೊಡ್ಡ ರಾಶಿ.
ಪಕ್ಕದಲ್ಲಿ ಅವಳ ಬಳೆಯ ಕೈ.

ಸಂಜೆ ಬುಟ್ಟಿಯ ಮುಂದೆ ಕೂತವಳು
ಒಂದೊಂದು ಶೆಟ್ಲಿಯನ್ನೂ ಬಾಲ ಹಿಡಿದು
ತಿರುಗಿಸಿ ತಿರುಗಿಸಿ ನೋಡುತ್ತಿದ್ದೆ.
"ಹಾಳಾಗಿದೆಯಾ?" ಕೇಳಿದ ಗಿರಾಕಿ.
ಇಲ್ಲ ಮಾರಾಯ, ಅಂದೆ.
ತೂಗಿದ ಮೇಲೆ ಎರಡು ಹೆಚ್ಚೇ ಹಾಕಿದೆ;
ಯಾಕೆಂದು ಅವನು ಕೇಳಲಿಲ್ಲ.