ಹದಿಮೂರರ ಕೆಳಗ

ಗುಲಾಬಿಗೆ ಹದಿಮೂರು ಡಿಗ್ರಿ ಬೇಕು.
ಇಳಿದರ ಮೊಗ್ಗು ಗೂಳಿ ತಲಿ ಆಗತದ,
ಎಸಳು ಮುದುಡಿ, ದಪ್ಪಾಗಿ,
ಮುಂಬೈ ವಿಮಾನ ತಪ್ಪತದ.
ಗರುಡ ಸಾಹೇಬರು ಮರಾಠಿಯೊಳಗ ಹೇಳಿದ್ದು
ನಾ ಕನ್ನಡದಾಗ ನೆನಪಿಟ್ಟೀನಿ.

ತಳೇಗಾಂವದ ಬಯಲು. ಜನವರಿ. ರಾತ್ರಿ ಎರಡೂವರಿ.
ಹೊರಗಿನ ಮಾಪಕ ಐದು ಅಂತದ.
ಇಂದ್ರಾಯಣಿ ಕಡಿಂದ ಬರೂ ಗಾಳಿ
ಪ್ಲಾಸ್ಟಿಕ್ ಮಾಡ ಎಳಿತದ, ಬಿಡತದ, ಎಳಿತದ,
ಮಲಗಿದ ಎಮ್ಮಿ ಪಕ್ಕಿ ಹಾಂಗ.

ನನ್ನ ಕೆಲಸ ಒಲಿ.
ಕಬ್ಬಿನ ಸಿಪ್ಪಿ ಒತ್ತಿದ ಗಟ್ಟಿ, ತಾಸಿಗೆ ಹನ್ನೆರಡು.
ಬಿಸಿಗಾಳಿ ಉದ್ದನ ಚೀಲ ಹೊಕ್ಕು
ಸಾಲಿಂದ ಸಾಲಿಗೆ
ತೂತು ತೂತಿನ್ಯಾಗ ಉಸಿರು ಬಿಡತದ.
ಗಿಡಕ್ಕ ಗೊತ್ತೇ ಇಲ್ಲ ಇದು ಪುಷ್ಯ ಮಾಸ ಅಂತ.

ಚಡಚಣದಾಗ ನಮ್ಮವ್ವ
ಹೆಪ್ಪು ಹಾಕಿದ ಗಡಿಗಿಗೆ ಕೌದಿ ಹೊಚ್ಚತಿದ್ದಳು.
ಉಳಿದ ತುದಿ ನಮಗ.

ಮೂರಕ್ಕ ಬಾಗಲ ಬಡದರು.
ಹಿಂದಿನ ತಗಡಿನ ಶೆಡ್ಡಿನ ಹಿರಾ,
ಹನ್ನೊಂದು ದಿನದ ಕೂಸು,
ಹಿಂದ ಅತ್ತಿ, ಕೈಯಾಗ ಆರಿದ ಅಗ್ಗಿಷ್ಟಿಕಿ.
ಯಾರೂ ಏನೂ ಕೇಳಲಿಲ್ಲ.

ಬಾಗಲ ಮ್ಯಾಲ ಬರದಾರ: ಹೊರಗಿನವರು ಬರಬಾರದು,
ಕಾಲು ಔಷಧದ ನೀರಾಗ ಅದ್ದದ ಯಾರೂ ಬರಬಾರದು.
ಮೊದಲನೇದು ನಾ ಓದಲಿಲ್ಲ.
ಎರಡನೇದು ಓದಿ ಹೇಳಿದೆ. ಅದ್ದಿದರು.
ಮುದುಕಿ ತುಟಿ ಕಚ್ಚಿದಳು, ನೀರು ಅಷ್ಟು ಕೊರಿತಿತ್ತು.

ನಾಕನೇ ಸಾಲು, ಚೀಲದ ಬಾಜೂಕ,
ಹೂ ಕಳಿಸೂ ರಟ್ಟಿನ ಡಬ್ಬಿಯಾಗ ಕೂಸು ಮಲಗಿತು.
ಡಬ್ಬಿ ಮ್ಯಾಲ ಬಾಣದ ಗುರುತು: ಈ ಬದಿ ಮ್ಯಾಲ ಇರಲಿ.
ಒಂದು ಸಲ ಆಕಳಿಸಿತು.
ಮುನ್ನೂರು ಮೊಗ್ಗು ಸುತ್ತ, ಒಂದೂ ಬಾಯಿ ತೆರಿಲಿಲ್ಲ;
ತೆರಿಬಾರದು, ಇನ್ನೂ ಹತ್ತು ದಿನ ಅದಾವ.

ಮೂರೂವರಿಗೆ ಹದಿಮೂರೂವರಿ.
ಅರ್ಧ ಡಿಗ್ರಿ ಏರಿತ್ತು.
ಒಲಿಗೆ ನಾ ಒಂದು ಗಟ್ಟಿನೂ ಹೆಚ್ಚಿಗಿ ಹಾಕಿದ್ದಿಲ್ಲ.
ರಜಿಸ್ಟರಿನ್ಯಾಗ ಕಾರಣ ಅಂತ ಒಂದು ಮನಿ ಅದ.
ಪೆನ್ನಿನ ಮಸಿ ಥಂಡಿಗೆ ಹೆಪ್ಪಗಟ್ಟಿತ್ತು,
ಬಾಯಾಗ ಇಟ್ಟು ಕಾಸಿ ಬರದೆ:
ಗಾಳಿ ನಿಂತಿತು.

ನಿಂತಿದ್ದಿಲ್ಲ.
ಎಮ್ಮಿ ಉಸಿರಾಡತಿತ್ತು ಬೆಳತನಾ.

ಐದಕ್ಕ ಅವರು ಹೋದರು. ಮುದುಕಿ ಮತ್ತ ಕಾಲು ಅದ್ದಿದಳು,
ಹೋಗೂ ಮುಂದ ಬೇಕಾಗಿಲ್ಲ ಅಂದರೂ.

ಇವತ್ತ ಪ್ಯಾಕಿಂಗಿನವರ ಹತ್ರ
ತಳ ಹರದ ಡಬ್ಬಿ ಒಂದು ಕೇಳಿ ತಂದೀನಿ.
ಕೌದಿ ತುಂಡು
ಅಳತಿಗೆ ಸರಿ ಕುಂದರತದ.