ತಪ್ಪು ಹೊಟ್ಟೆ

ಕಣ್ಣಿಗೆ ಸಿಕ್ಕಿಸಿಕೊಳ್ಳುವ ಈ ಕರಿ ಭೂತಗನ್ನಡಿ
ಇಪ್ಪತ್ತೆಂಟು ವರ್ಷ ಗಡಿಯಾರದ ಹೊಟ್ಟೆಯನ್ನಲ್ಲದೆ
ಬೇರೇನನ್ನೂ ನೋಡಿರಲಿಲ್ಲ.
ಹಾಸನದ ಕಟ್ಟಿನಕೆರೆ ಮಾರ್ಕೆಟ್ಟು, ಮೀನಿನಂಗಡಿಗೆ ಒತ್ತಿಕೊಂಡು
ಮೇಜಿನಗಲದ ರಿಪೇರಿ ಅಂಗಡಿ ನನ್ನದು.

ಅವತ್ತು ಐಸಮ್ಮ
(ಹೆಸರಿಗೆ ತಕ್ಕ ಹಾಗೆ ದಿನವಿಡೀ ಐಸಿನಲ್ಲೇ ಕೈ)
ಬಾಳೆಲೆ ಚೂರಿನ ಮೇಲೆ ಏನನ್ನೋ ತಂದು
"ಧರಣಣ್ಣ, ನಿಮ್ಮ ಕನ್ನಡಿಯಲ್ಲಿ ಸ್ವಲ್ಪ ನೋಡಿ, ಇದೆಂತ?" ಎಂದಳು.
ಬಂಗುಡೆ ಸೀಳಿದಾಗ ಲಿವರಿಗೆ ಅಂಟಿತ್ತಂತೆ.

ಬಿಳಿ ದಾರ. ಚಪ್ಪಟೆ ಸುತ್ತು.
ಹೆಂಗಸರ ವಾಚಿನ ಹೇರ್‌ಸ್ಪ್ರಿಂಗು ಅಂದುಕೊಂಡು ಚಿಮುಟ ತಗುಲಿಸಿದೆ.
ಬಿಚ್ಚಿಕೊಂಡಿತು.
ಸ್ಪ್ರಿಂಗು ಬಿಚ್ಚಿಕೊಳ್ಳುವುದು ಗೊತ್ತು; ಬಿಚ್ಚಿಕೊಂಡ ಮೇಲೆ
ತಲೆಯೆತ್ತಿ ಹುಡುಕುವುದು ಗೊತ್ತಿರಲಿಲ್ಲ.

ಮೀನಿಗೆ ಬಂದಿದ್ದ ಕಾಲೇಜಿನ ಪ್ರಾಣಿಶಾಸ್ತ್ರದ ಮೇಡಂ
ಚೀಲ ಕೆಳಗಿಟ್ಟು ಹೇಳಿದರು:
ಇದರ ಮನೆ ತಿಮಿಂಗಿಲದ ಹೊಟ್ಟೆ.
ಸಿಗಡಿಯಷ್ಟು ಸಣ್ಣದರೊಳಗೆ ಕೂತು, ಅದನ್ನು ನುಂಗಿದ ಮೀನೊಳಗೆ ಸುತ್ತಿಕೊಂಡು
ಯಾರಾದರೂ ದೊಡ್ಡವರು ತಿನ್ನಲಿ ಅಂತ ಕಾಯುತ್ತದೆ.
ಹಸಿಮೀನು ತಿಂದರೆ ನಮ್ಮೊಳಗೂ ಬಂದೀತು,
ತಿಮಿಂಗಿಲವೇ ಇರಬೇಕೆಂದು ಜಠರದ ಗೋಡೆ ಕೊರೆದೀತು,
ಮೊಟ್ಟೆಯಿಡದೆ ಅಲ್ಲೇ ಸತ್ತೀತು.
ಕುದಿಸಿದರೆ ಭಯವಿಲ್ಲ, ಎಂದು
ಒಂದು ಕೆಜಿ ತೂಗಿಸಿಕೊಂಡು ಹೋದರು.

ನಾನು ಬಸದಿ ಬೀದಿಯವನು, ಮೀನು ಮುಟ್ಟಿದವನಲ್ಲ.
ಹುಳಕ್ಕೆ ಎರಡೇ ಇಂದ್ರಿಯ, ಮುಟ್ಟುವುದು, ರುಚಿ ನೋಡುವುದು,
ಅಂತ ಅಜ್ಜಿ ಬೆರಳು ಮಡಿಸಿ ಕಲಿಸಿದ್ದಳು.
ಅವೆರಡನ್ನೇ ಇಟ್ಟುಕೊಂಡು ಶಿರಾಡಿ ಘಾಟಿ ಹತ್ತಿದೆ ಇದು,
ಐಸಿನ ಲಾರಿಯಲ್ಲಿ, ಸಮುದ್ರಕ್ಕಿಂತ ಮೂರು ಸಾವಿರ ಅಡಿ ಮೇಲಕ್ಕೆ,
ತಿಮಿಂಗಿಲದ ರುಚಿ ಕೇಳಿಕೊಂಡು.

ಸಂಜೆ ಸಕಲೇಶಪುರ ಕಡೆಯ ರೆಸಾರ್ಟಿನ ಅಡುಗೆ ಹುಡುಗ ಬಂದ.
ತೆಳ್ಳಗೆ ಹೆಚ್ಚಿ ಹಸಿಯಾಗೇ ಬಡಿಸಬೇಕಂತೆ,
ಹತ್ತು ಕೆಜಿ, ಕಾಸು ಎಷ್ಟಾದರೂ ಸರಿ.
ಐಸಮ್ಮ ಕತ್ತಿ ಒರೆಸುತ್ತ
"ಒಲೆ ಹಚ್ಚುವವರಿಗೆ ಮಾತ್ರ" ಎಂದಳು.
ನಕ್ಕ. ಆಚೆಯಂಗಡಿಗೆ ಹೋದ. ಅಲ್ಲಿ ಸಿಕ್ಕಿತು.

ಬಾಗಿಲು ಹಾಕುವ ಹೊತ್ತಿಗೆ
ವಾಚಿನ ಗಾಜಿನಲ್ಲಿ, ಉಪ್ಪುನೀರಿನ ಹನಿಯಲ್ಲಿ
ಮತ್ತೆ ಸುತ್ತಿಕೊಂಡಿತ್ತು.
ಕೊಲ್ಲಲಾರೆ. ಸಾಕುವುದಾದರೂ ಯಾವ ಹೊಟ್ಟೆಯಲ್ಲಿ?
ಮಂಗಳೂರಿಗೆ ಖಾಲಿ ಇಳಿಯುವ ಲಾರಿಯ ಹಸೈನಾರನನ್ನು ಕೇಳಿದೆ:
"ದಕ್ಕೆಯಲ್ಲಿ ಇದನ್ನು ನೀರಿಗೆ ಬಿಡ್ತೀಯಾ?"
ಅವನು ಐಸಮ್ಮನ ಮುಖ ನೋಡಿದ,
ಅವಳು ನನ್ನ ಮುಖ ನೋಡಿದಳು.
ಆಮೇಲೆ ಮಾತ್ರೆಯ ಡಬ್ಬಿಗೆ ಹಾಕಿ ಜೇಬಿಗಿಳಿಸಿಕೊಂಡ.

ದಕ್ಕೆ ಮುಟ್ಟಿಸಿದನೋ, ದೋಣಿಗಾಲಿನ ತಿರುವಿನಲ್ಲೇ
ಕಿಟಕಿಯಾಚೆ ಚೆಲ್ಲಿದನೋ,
ವಾರಕ್ಕೆರಡು ಸಲ ಸಿಗುತ್ತಾನೆ.
ಕೇಳಿಲ್ಲ.