ಟಿಕೀಟಿಲ್ಲದಾಂವ

ಮುಧೋಳ ಸ್ಟ್ಯಾಂಡಿನ್ಯಾಗ ಫುಟ್‌ಬೋರ್ಡಿನಿಂದ ಜಾರಿ ಬಿದ್ದೆ.
ಪಕ್ಕೆಲಬು ಮುರದೈತೇನೋ ನೋಡ್ರಿ ಅಂತ ಹೋದ್ರ
ಬಾಗಲಕೋಟಿ ನವನಗರದ ಸ್ಕ್ಯಾನಿನ ಹುಡುಗ
ಎಲಬು ಬಿಟ್ಟು ಬ್ಯಾರೆ ಏನೋ ನೋಡಕೋತ ನಿಂತ.

ಎಡ ಕಿಡ್ನಿ ಮ್ಯಾಲ, ಟೊಪ್ಪಿಗಿಯಂಥ ಗ್ರಂಥಿಯೊಳಗ
ಎರಡೂವರಿ ಸೆಂಟಿಮೀಟರ್ ಗಂಟು.
ಹುಡುಕದೇ ಸಿಕ್ಕದ್ದು.

ಇಪ್ಪತ್ತೆರಡು ವರ್ಷದ ಕಂಡಕ್ಟರ್ ನಾನು.
ಲೋಕಾಪುರ ದಾಟೂದ್ರಾಗ ಟಿಕೀಟಿಲ್ಲದಾಂವನ್ನ
ಕಣ್ಣು ನೋಡೇ ಹಿಡದಾಕಿ.
ನನ್ನ ಬೆನ್ನಿನ ಸೀಟಿನ್ಯಾಗ ಇಂವ
ಎಂದ ಹತ್ತಿದ, ಯಾವ ಸ್ಟಾಪಿನ್ಯಾಗ?

ದುಂಡವ್ವ ಅಂತ ಹೆಸರಿಟ್ಟಾಗ ಕಡ್ಡಿ ಇದ್ದೆನಂತ.
ನಲವತ್ತಕ್ಕ ಮಾರಿ ಹುಣ್ಣಿವಿ ಆತು.
"ಈಗ ಹೆಸರಿಗೆ ತಕ್ಕಂಗಾದಿ" ಅಂದ ಡ್ರೈವರ್ ಬಾಷಾಸಾಬ.
ನಾನೂ ನಕ್ಕೆ. ಒಂದ ರೊಟ್ಟಿ ಕಮ್ಮಿ ಮಾಡಿದೆ.
ಸೀಟಿನ ಕಂಬಿ ತಾಗಿದ್ರೂ ನೇರಳೆಹಣ್ಣಿನ ಕಲೆ,
ಬಿ.ಪಿ., ಸಕ್ರಿ, ರಾತ್ರಿ ಮೂರಕ್ಕ ತೆರೆಯೂ ಕಣ್ಣು,
ಎಲ್ಲಾಕ್ಕೂ ವಯಸ್ಸಿನ ಹೆಸರಿಲೆ ಟಿಕೀಟ ಹರದೆ.

ರಾತ್ರಿ ಹನ್ನೊಂದಕ್ಕ ಗುಳಿಗಿ, ಮುಂಜಾನೆ ಎಂಟಕ್ಕ ರಕ್ತ.
ಸುಮ್ಮನಿರು ಅಂತ ಗುಳಿಗಿ ಹೇಳಿದ್ರೂ
ಗಂಟು ಕೇಳಲಿಲ್ಲಂತ.
"ಕ್ಯಾನ್ಸರ್ ಅಲ್ಲ ಬಿಡ್ರಿ" ಅಂದ್ರು ಡಾಕ್ಟರು,
"ಆದ್ರ ಹಾರ್ಮೋನು ತನ್ನಷ್ಟಕ್ಕ ತಾನ ಒಸರತೈತಿ."

ಒಂದ ಮಾತು ಕೇಳೂದು ಉಳದೈತಿ, ಬಾಯಿ ಬರವಲ್ದು:
ಹೋದ ಚೈತ್ರದಾಗ ಕಲಾದಗಿ ಕ್ರಾಸಿನ್ಯಾಗ
ಚಿಲ್ಲರೆ ಕೇಳಿದ ಮುದುಕನ ಮ್ಯಾಲ ಹಾಯ್ದು
ಬಿಸಲಾಗ ಇಳಿಸಿ ಸೀಟಿ ಊದಿದ್ದೆ.
ಆ ಸಿಟ್ಟು ಇವಂದೋ, ನಂದೋ?

ಇವನ್ನ ತಗದ ಮ್ಯಾಲೂ
ಅದು ಇಳೀಲಿಲ್ಲಂದ್ರ?